ಹೋಮ್ ಥಿಯೇಟರ್ ಕೊಳ್ಳುವ ಮೊದಲು ‘ತರಂಗಗಳು’ ಅಧ್ಯಾಯ ತೆರೆಯಿರಿ

ಮೊದಲ ಪಿಯುಸಿಯ ‘ತರಂಗಗಳು’ ಅಧ್ಯಾಯ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಪಾಠಕ್ಕೆ ಸಂಬಂಧವಿಲ್ಲದಂತೆ ಕಾಣುವ ಒಂದು ಪ್ರಶ್ನೆ ಕೇಳಿದಳು. ದುಬೈಯಲ್ಲಿರುವ ಅವಳ ಅಣ್ಣ ರಜೆಯಲ್ಲಿ ಊರಿಗೆ ಬರುವವನಿದ್ದಾನೆ. ಹೋಮ್ ಥಿಯೇಟರ್ ತೆಗೆದುಕೊಳ್ಳಲು 40 ಸಾವಿರ ರೂಪಾಯಿ ಎತ್ತಿಟ್ಟಿದ್ದಾನೆ. ಸಿನಿಮಾ ಹುಚ್ಚಿನಿಂದಲ್ಲ, ಅಜ್ಜಿಗಾಗಿ. ಟಿವಿಯ ಮಾತು ಅಜ್ಜಿಗೆ ಸರಿಯಾಗಿ ತಿಳಿಯುವುದಿಲ್ಲ, ‘ಸ್ವಲ್ಪ ಜೋರು ಮಾಡಿ’ ಎನ್ನುತ್ತಾರೆ. ಜೋರು ಮಾಡಿದರೆ ಪಕ್ಕದ ಕೋಣೆಯಲ್ಲಿ ಇವಳಿಗೆ ಓದಲು ಆಗುವುದಿಲ್ಲ. ಅಷ್ಟು ಮಾಡಿಯೂ ಅಜ್ಜಿಗೆ ಅರ್ಧ ಮಾತು ತಪ್ಪಿಹೋಗುತ್ತದೆ. ‘ಯಾವ ಕಂಪೆನಿಯದ್ದು ಒಳ್ಳೆಯದು ಸರ್?’ ಎಂಬುದು ಪ್ರಶ್ನೆ.

ಕಂಪೆನಿಯ ಹೆಸರು ಹೇಳುವುದು ಸುಲಭ, ಆದರೆ ಅದರಿಂದ ಪ್ರಯೋಜನ ಕಡಿಮೆ. ಅದೇ ಪೆಟ್ಟಿಗೆಗಳು ಒಂದು ಮನೆಯಲ್ಲಿ ಸೊಗಸಾಗಿ ಕೇಳಿಸಿ ಇನ್ನೊಂದು ಮನೆಯಲ್ಲಿ ಬರೀ ಗದ್ದಲವಾಗುವುದುಂಟು. ವ್ಯತ್ಯಾಸ ಇರುವುದು ಕೋಣೆಯಲ್ಲಿ, ಇಟ್ಟ ಜಾಗದಲ್ಲಿ, ಮತ್ತು ಏನನ್ನು ಕೇಳಲು ಕೊಂಡೆವು ಎಂಬುದರಲ್ಲಿ. ಇದನ್ನೆಲ್ಲ ಲೆಕ್ಕ ಹಾಕಲು ನಿಮ್ಮ ಪಠ್ಯಪುಸ್ತಕ ಬಹುಮಟ್ಟಿಗೆ ಸಾಕು.

ಅಂಗಡಿಯಲ್ಲಿ 5.1, 7.1 ಎಂಬ ಸಂಖ್ಯೆಗಳನ್ನು ನೋಡಿರುತ್ತೀರಿ. 5.1 ಎಂದರೆ ಐದು ಪೂರ್ಣ ಚಾನೆಲ್‌ಗಳು: ಮುಂದೆ ಎಡ, ನಡು, ಬಲ, ಮತ್ತು ಪಕ್ಕದಲ್ಲಿ ಎರಡು ಸರೌಂಡ್. ಆ ‘.1’ ಬರೀ ಗುಡುಗು, ಸ್ಫೋಟದಂತಹ ತಗ್ಗು ಸದ್ದಿಗೆಂದು ಮೀಸಲಾದ ಚಾನೆಲ್. ಅದರಲ್ಲಿ ಸುಮಾರು 120 ಹರ್ಟ್ಸ್‌ಗಿಂತ ಮೇಲಿನ ಆವೃತ್ತಿ ಇರುವುದಿಲ್ಲವಾದ್ದರಿಂದ ಪೂರ್ಣ ಚಾನೆಲ್ ಎಂದು ಎಣಿಸುವುದಿಲ್ಲ. ಕೇಳುಗನ ಸುತ್ತ ಸದ್ದು ತರುವ ಯೋಚನೆ ಹೊಸದೇನಲ್ಲ. ಡಿಸ್ನಿಯವರ ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ 1940ರಲ್ಲಿಯೇ ಕೆಲವು ಚಿತ್ರಮಂದಿರಗಳಲ್ಲಿ ಬಹುಚಾನೆಲ್ ವ್ಯವಸ್ಥೆ ಕೂರಿಸಿದ್ದರು. ಡಾಲ್ಬಿ ಡಿಜಿಟಲ್ 1992ರಲ್ಲಿ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂತು, ಡಿಟಿಎಸ್ ಮರುವರ್ಷ ‘ಜುರಾಸಿಕ್ ಪಾರ್ಕ್’ ಜೊತೆ. ತಲೆಯ ಮೇಲಿನಿಂದಲೂ ಸದ್ದು ಬರುವ ಅಟ್ಮಾಸ್ 2012ರದ್ದು.

ಈ ಐದರಲ್ಲಿ ಅಂಗಡಿಯವರು ಅತಿ ಕಡಿಮೆ ಮಾತಾಡುವುದು ನಡುವಿನ ಸ್ಪೀಕರ್ ಬಗ್ಗೆ. ನನ್ನ ಮಟ್ಟಿಗೆ ಅದೇ ಇಡೀ ವ್ಯವಸ್ಥೆಯ ಜೀವ. ಸಿನಿಮಾದ ಸಂಭಾಷಣೆ ಬಹುಪಾಲು ಇರುವುದು ಆ ಚಾನೆಲ್‌ನಲ್ಲಿ. ತೆಳುವಾದ ಟಿವಿಗಳಲ್ಲಿ ಸ್ಪೀಕರ್ ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇರುತ್ತದೆ, ಮಾತು ಗೋಡೆಗೆ ಬಡಿದು ನಮ್ಮ ಕಡೆಗೆ ಬರುತ್ತದೆ. ಅದೂ ಐದು ಚಾನೆಲ್‌ಗಳ ಸದ್ದನ್ನು ಎರಡಕ್ಕೆ ಇಳಿಸಿದ ಮೇಲೆ, ಹಿನ್ನೆಲೆ ಸಂಗೀತದ ಜೊತೆ ಬೆರೆತು.

ಅಜ್ಜಿಯ ತೊಂದರೆ ಏನೆಂದು ನೋಡೋಣ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವೃತ್ತಿಗಳನ್ನು. ಮಾತಿನಲ್ಲಿ ಸ್ವರಗಳು ತಗ್ಗು ಆವೃತ್ತಿಯವು, ಜೋರಾದವು. ಸ, ಶ, ತ, ಕ ಮುಂತಾದ ವ್ಯಂಜನಗಳು ಹೆಚ್ಚಿನ ಆವೃತ್ತಿಯವು, ಮೆಲ್ಲಗಿನವು. ಕಾಲು, ಸಾಲು, ಹಾಲು: ಈ ಮೂರು ಪದಗಳಲ್ಲಿ ಮೊದಲ ವ್ಯಂಜನ ತೆಗೆದುಬಿಟ್ಟರೆ ಉಳಿಯುವುದು ಒಂದೇ. ಅಜ್ಜಿಗೆ ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನಿಸುವುದು ಇದಕ್ಕೇ. ವಾಲ್ಯೂಮ್ ಏರಿಸಿದರೆ ಸ್ವರವೂ ಏರುತ್ತದೆ, ತಬಲಾವೂ ಏರುತ್ತದೆ, ವ್ಯಂಜನ ಅವುಗಳ ಅಡಿಯಲ್ಲೇ ಉಳಿಯುತ್ತದೆ. ಅದಕ್ಕೆ ಬೇಕಾದ್ದು ಎಲ್ಲವನ್ನೂ ಜೋರು ಮಾಡುವ ಯಂತ್ರವಲ್ಲ, ಮಾತನ್ನು ಮಾತ್ರ ಬೇರ್ಪಡಿಸಿ, ನೇರವಾಗಿ, ಹತ್ತಿರದಿಂದ ಕಿವಿಗೆ ತಲುಪಿಸುವ ಯಂತ್ರ. (ಶ್ರವಣ ತಜ್ಞರ ಬಳಿ ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು ಎಂಬುದನ್ನು ಅವಳಿಗೆ ಮೊದಲೇ ಹೇಳಿದೆ. ಸ್ಪೀಕರ್ ಶ್ರವಣಯಂತ್ರದ ಬದಲಿಯಲ್ಲ.)

ಇನ್ನು ವ್ಯಾಟ್. ಅವಳು ತಂದಿದ್ದ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾವಿರ ವ್ಯಾಟ್ ಎಂದಿತ್ತು. ಇಂತಹ ಪೆಟ್ಟಿಗೆಯ ಹಿಂಬದಿ ತಿರುಗಿಸಿ ನೋಡಿ. ಅದು ಕರೆಂಟಿನಿಂದ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಲ್ಲಿ 60 ಎಂದಿದ್ದರೆ ಹೊರಗೆ ನಿರಂತರವಾಗಿ ಸಾವಿರ ಬರುವುದು ಹೇಗೆ? ಶಕ್ತಿ ಸಂರಕ್ಷಣಾ ನಿಯಮ ಅಂಗಡಿಯಲ್ಲೂ ಅನ್ವಯಿಸುತ್ತದೆ! ‘ಪಿಎಂಪಿಒ’ ಎಂಬ ಹೆಸರಿನಲ್ಲಿ ಬರೆಯುವ ವ್ಯಾಟ್‌ಗೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲ, ಅದನ್ನು ಓದದೆ ಬಿಡಬಹುದು. ಕೇಳಬೇಕಾದ್ದು ಇಷ್ಟು: ಒಂದು ಚಾನೆಲ್‌ಗೆ, 8 ಓಮ್‌ಗೆ, ಎಷ್ಟು ಆರ್‌ಎಂಎಸ್ ವ್ಯಾಟ್? ಅದು ಇಡೀ ಶ್ರವ್ಯ ಆವೃತ್ತಿಯ ಮೇಲೋ, ಒಂದೇ ಆವೃತ್ತಿಯಲ್ಲೋ? ಎಷ್ಟು ಶೇಕಡಾ ವಿಕೃತಿಯೊಂದಿಗೆ?

ಹಾಗಾದರೆ ನಿಜವಾಗಿ ಎಷ್ಟು ಬೇಕು? ಸ್ಪೀಕರಿನ ವಿವರದಲ್ಲಿ ‘ಸೆನ್ಸಿಟಿವಿಟಿ’ ಎಂಬ ಸಾಲಿರುತ್ತದೆ. 87 ಡೆಸಿಬೆಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು, ಅಂದರೆ 6 ಡೆಸಿಬೆಲ್ ಇಳಿಕೆ. ಮೂರು ಮೀಟರಿಗೆ ಸುಮಾರು 9.5 ಇಳಿಕೆ. ಉಳಿದದ್ದು 77 ಚಿಲ್ಲರೆ. ಒಂದು ಮೀಟರ್ ದೂರದಲ್ಲಿ ನಾವು ಸಹಜವಾಗಿ ಮಾತಾಡುವುದು ಸುಮಾರು 60 ಡೆಸಿಬೆಲ್. ಅಂದರೆ ಒಂದೇ ಒಂದು ವ್ಯಾಟ್ ಮಾತಿಗೆ ಧಾರಾಳವಾಗಿ ಸಾಕು. ಹತ್ತು ವ್ಯಾಟ್‌ಗೆ 87, ನೂರು ವ್ಯಾಟ್‌ಗೆ 97. ವ್ಯಾಟ್ ಎರಡರಷ್ಟಾದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಆದ್ದರಿಂದ 50 ವ್ಯಾಟಿನದನ್ನು ಬಿಟ್ಟು 100 ವ್ಯಾಟಿನದಕ್ಕೆ ಹೆಚ್ಚು ಹಣ ಕೊಡುವಾಗ ಕೊಳ್ಳುತ್ತಿರುವುದು ಆ 3 ಡೆಸಿಬೆಲ್ ಎಂದು ನೆನಪಿರಲಿ. ಮೇಲಿನ ಲೆಕ್ಕ ಬಯಲಿಗೆ ಸಂಬಂಧಿಸಿದ್ದು. ಕೋಣೆಯೊಳಗೆ ಗೋಡೆಗಳು ಸದ್ದನ್ನು ಹಿಂದಿರುಗಿಸುವುದರಿಂದ ಇಳಿಕೆ ಇನ್ನೂ ಕಡಿಮೆ.

ಗೋಡೆಗಳು ಹಿಂದಿರುಗಿಸುವುದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಇಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಥೆ ಹೇಳಲೇಬೇಕು. 1895ರಲ್ಲಿ ವ್ಯಾಲೇಸ್ ಸೇಬಿನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕನಿಗೆ ಒಂದು ಕೆಲಸ ಒಪ್ಪಿಸಿದರು. ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಖಾಲಿ ಕೊಠಡಿಯಲ್ಲಿ ಒಂದು ಸದ್ದು ಸಾಯಲು ಸುಮಾರು ಐದೂವರೆ ಸೆಕೆಂಡ್ ಬೇಕಾಗುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕ ಹತ್ತು ಹನ್ನೆರಡು ಪದ ಮುಂದೆ ಹೋಗಿರುತ್ತಾನೆ, ಎಲ್ಲ ಪದಗಳೂ ಒಂದರ ಮೇಲೊಂದು. ಸೇಬಿನ್ ರಾತ್ರಿ ಬೀದಿಯ ಗದ್ದಲ ಅಡಗಿದ ಮೇಲೆ ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು, ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸುತ್ತಾ ಸಮಯ ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳು ತಮ್ಮ ಜಾಗಕ್ಕೆ ಮರಳಬೇಕಿತ್ತು. ಅವನಿಗೆ ಸಿಕ್ಕ ಸೂತ್ರ ಬಹಳ ಸರಳ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡುಗಳು. ಹೀರಿಕೆಯ ಮಾನ ಒಂದು ಚದರ ಮೀಟರ್ ತೆರೆದ ಕಿಟಕಿ. ಅದರ ಮೂಲಕ ಹೊರಹೋದ ಸದ್ದು ಮತ್ತೆ ಬರುವುದಿಲ್ಲವಲ್ಲ!

ಈ ಸೂತ್ರವನ್ನು ನಮ್ಮ ಕಡೆಯ ಒಂದು ಹಾಲ್‌ಗೆ ಹಚ್ಚೋಣ. ಉದ್ದ 4 ಮೀಟರ್, ಅಗಲ 3, ಎತ್ತರ 3. ಘನಗಾತ್ರ 36. ಮುರಕಲ್ಲಿನ ಗೋಡೆಗೆ ಗಾರೆ, ನೆಲಕ್ಕೆ ಟೈಲ್ಸ್, ಮೇಲೆ ಕಾಂಕ್ರೀಟ್ ತಾರಸಿ. ಆರು ಮೈಗಳ ಒಟ್ಟು ವಿಸ್ತೀರ್ಣ 66 ಚದರ ಮೀಟರ್. ಇಂತಹ ಗಟ್ಟಿ ಮೈ ಹೀರುವುದು ಬರೀ ನೂರಕ್ಕೆ ಎರಡರಷ್ಟು ಎಂದುಕೊಂಡರೆ ಹೀರಿಕೆ 1.3, ಸಮಯ ನಾಲ್ಕು ಸೆಕೆಂಡಿಗಿಂತ ಹೆಚ್ಚು. ಹೊಸ ಮನೆಯ ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಗುಂಯ್ ಎನ್ನುವುದು ಇದೇ. ಈಗ ಆರು ಚದರ ಮೀಟರ್ ದಪ್ಪ ಪರದೆಯನ್ನು ನೆರಿಗೆ ಬರುವಂತೆ ತೂಗುಹಾಕಿ, ಅದು ಸುಮಾರು 3 ಸೇರಿಸುತ್ತದೆ. ನೆಲಕ್ಕೆ ಅಷ್ಟೇ ಅಗಲದ ದಪ್ಪ ಜಮಖಾನೆ, ಸುಮಾರು 1.8. ಸೋಫಾ, ಹತ್ತಿಯ ದಿಂಬು, ಮಡಚಿಟ್ಟ ಹಾಸಿಗೆ ಸೇರಿ ಇನ್ನೊಂದು 3. ಕೂತ ಇಬ್ಬರಿಂದ 1. ಒಟ್ಟು ಹತ್ತರ ಹತ್ತಿರ. ಸಮಯ ಅರ್ಧ ಸೆಕೆಂಡಿನ ಆಸುಪಾಸಿಗೆ ಬಂತು. ಸಣ್ಣ ಕೋಣೆಗೆ ಈ ಸೂತ್ರ ಅಂದಾಜು ಮಾತ್ರ, ಆದರೆ ನಾಲ್ಕಕ್ಕೂ ಅರ್ಧಕ್ಕೂ ಇರುವ ಅಂತರ ಅಂದಾಜಿನಿಂದ ಅಳಿಸಿಹೋಗುವಂಥದ್ದಲ್ಲ. ಆ ವಿದ್ಯಾರ್ಥಿನಿಗೆ ನಾನು ಹೇಳಿದ ಮೊದಲ ಖರೀದಿ ಪರದೆ ಮತ್ತು ಜಮಖಾನೆ. ಟಿವಿಯ ಈಗಿನ ಸ್ಪೀಕರಿನಲ್ಲೇ ಮಾತು ಎಷ್ಟು ತಿಳಿಯಾಗುತ್ತದೆ ಎಂದು ನೋಡಿಕೊಂಡು ಮುಂದಿನ ಹಣ ಖರ್ಚು ಮಾಡಲಿ ಎಂದೆ.

ಕೋಣೆ ಸರಿಯಾದ ಮೇಲೆ ಜಾಗ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಕಿವಿಗಳು ಎರಡು ಸುಳಿವು ಬಳಸುತ್ತವೆ ಎಂದು ಲಾರ್ಡ್ ರೇಲಿ 1907ರಲ್ಲಿ ವಿವರಿಸಿದರು. ತಗ್ಗು ಸದ್ದಿಗೆ ಎರಡು ಕಿವಿಗಳಿಗೆ ತಲುಪುವ ಅಲೆಯ ಹಂತದ ವ್ಯತ್ಯಾಸ, ಹೆಚ್ಚಿನ ಆವೃತ್ತಿಗೆ ತಲೆಯ ನೆರಳಿನಿಂದಾಗುವ ತೀವ್ರತೆಯ ವ್ಯತ್ಯಾಸ. ಒಂದು ಕಿವಿಯಿಂದ ಇನ್ನೊಂದಕ್ಕೆ ಸಮಯದ ಅಂತರ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಮಿದುಳು ಅಷ್ಟನ್ನೂ ಹಿಡಿಯುತ್ತದೆ.

ನಮ್ಮ ಊರಿನ 28 ಡಿಗ್ರಿ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. 80 ಹರ್ಟ್ಸ್ ಸದ್ದಿನ ತರಂಗದೂರ ಎಷ್ಟು? ಭಾಗಿಸಿ ನೋಡಿ, 4.35 ಮೀಟರ್, ಕೋಣೆಗಿಂತ ಉದ್ದ! ಅಷ್ಟು ಉದ್ದದ ಅಲೆಗೆ ನಮ್ಮ ತಲೆ ಲೆಕ್ಕಕ್ಕೇ ಇಲ್ಲ, ಅದು ಎಲ್ಲಿಂದ ಬಂತೆಂದು ಕೋಣೆಯೊಳಗೆ ಗೊತ್ತಾಗುವುದಿಲ್ಲ. ಆದ್ದರಿಂದ ಸಬ್‌ವೂಫರ್ ಎಂಬ ದೊಡ್ಡ ಡಬ್ಬವನ್ನು ಮುಂದೆಯೇ ಇಡಬೇಕೆಂದಿಲ್ಲ. ಉಳಿದ ಸ್ಪೀಕರ್‌ಗಳು 80 ಹರ್ಟ್ಸ್‌ನ ಮೇಲಿನದ್ದನ್ನು ನೋಡಿಕೊಳ್ಳಲಿ, ಕೆಳಗಿನದ್ದು ಸಬ್‌ವೂಫರ್‌ಗೆ ಎಂದು ಹಂಚುವ ರೂಢಿ ಬಂದಿರುವುದೂ ಈ ಕಾರಣದಿಂದಲೇ.

ಮೇಲೆ ಹೇಳಿದ ಹಾಲ್‌ನಲ್ಲಿ ಟಿವಿ 3 ಮೀಟರ್ ಅಗಲದ ಗೋಡೆಯ ಮೇಲಿರಲಿ. ಕೂರುವ ಜಾಗ ಅಲ್ಲಿಂದ ಎರಡೂವರೆ ಮೀಟರ್. ಎಡಬಲ ಸ್ಪೀಕರ್‌ಗಳ ನಡುವೆ ಸುಮಾರು 2.3 ಮೀಟರ್ ಬಿಟ್ಟರೆ ಕೇಳುಗನ ಎದುರಿನ ರೇಖೆಯಿಂದ ಅವು 25 ಡಿಗ್ರಿಯಲ್ಲಿ ಬರುತ್ತವೆ. 22ರಿಂದ 30 ಡಿಗ್ರಿ ಸರಿಯಾದ ಮಿತಿ. ನಡುವಿನ ಸ್ಪೀಕರ್ ಟಿವಿಯ ಕೆಳಗೆ, ಕಪಾಟಿನ ಒಳಗೆ ಹುದುಗಿಸದೆ ಅಂಚಿಗೆ ತಂದು, ಕಿವಿಯತ್ತ ಸ್ವಲ್ಪ ಎತ್ತಿ ಇಡಬೇಕು. ಹೆಚ್ಚಿನ ಆವೃತ್ತಿ ಟಾರ್ಚಿನ ಬೆಳಕಿನಂತೆ ನೇರವಾಗಿ ಹೋಗುವುದರಿಂದ ಮೊಣಕಾಲಿಗೆ ಮುಖ ಮಾಡಿಟ್ಟರೆ ಅಜ್ಜಿಯ ವ್ಯಂಜನಗಳು ಮೊಣಕಾಲಿಗೇ ಹೋಗುತ್ತವೆ. ಸರೌಂಡ್ ಎರಡು ಪಕ್ಕದ ಗೋಡೆಗಳಲ್ಲಿ, ಕೂರುವ ಜಾಗಕ್ಕಿಂತ ಅರ್ಧ ಮೀಟರ್ ಹಿಂದೆ, ಕಿವಿಗಿಂತ ಎರಡು ಅಡಿ ಮೇಲೆ. ಐದೂ ಡಬ್ಬಗಳನ್ನು ಟಿವಿಯ ಕಪಾಟಿನ ಮೇಲೆ ಸಾಲಾಗಿ ಜೋಡಿಸಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ನೋಡಲು ಚೆಂದ, ಅಷ್ಟೇ.

ಸಬ್‌ವೂಫರ್ ವಿಷಯದಲ್ಲಿ ಸ್ಥಾಯೀ ತರಂಗದ ಪಾಠ ಬೇಕು. ಎದುರುಬದುರು ಗೋಡೆಗಳ ನಡುವಿನ ಗಾಳಿ ಎರಡೂ ಕೊನೆ ಮುಚ್ಚಿದ ಕೊಳವೆಯಂತೆ. ಶಬ್ದದ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೂಲ ಆವೃತ್ತಿ. 4 ಮೀಟರಿಗೆ 43.5 ಹರ್ಟ್ಸ್, 3 ಮೀಟರಿಗೆ 58. ಅಗಲ, ಎತ್ತರ ಎರಡೂ 3 ಮೀಟರ್ ಆದ್ದರಿಂದ 58 ಹರ್ಟ್ಸ್ ಇಲ್ಲಿ ದುಪ್ಪಟ್ಟು ಮೊಳಗುತ್ತದೆ. ಒತ್ತಡದ ಏರಿಳಿತ ಗೋಡೆಯ ಬಳಿ ಅತಿ ಹೆಚ್ಚು, ಉದ್ದದ ನಟ್ಟನಡುವೆ ಅತಿ ಕಡಿಮೆ. ಅದಕ್ಕೇ ಬೆನ್ನು ಗೋಡೆಗೆ ತಾಗಿಸಿ ಕೂತವನಿಗೆ ಬಾಸ್ ಕಿವಿಗೆ ಒದ್ದಂತೆ, ನಡುವೆ ಕೂತವನಿಗೆ ಬಾಸ್ ಇಲ್ಲವೇ ಇಲ್ಲ ಎಂಬಂತೆ. ಪರಿಹಾರ ಸ್ವಲ್ಪ ವಿಚಿತ್ರವಾಗಿದೆ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬಾಸ್ ಇರುವ ಒಂದು ಹಾಡು ಹಾಕಿ, ಗೋಡೆಯ ಅಂಚಿನಲ್ಲಿ ಮಗುವಿನಂತೆ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಸದ್ದು ಮೊಳಗದೆ, ಮಾಯವಾಗದೆ ಸಮನಾಗಿ ಕೇಳುತ್ತದೋ ಅಲ್ಲಿ ಡಬ್ಬ ಇಡಿ. ಅಣ್ಣ ಅಂಬೆಗಾಲಿಡುವುದನ್ನು ನೋಡಿ ಮನೆಯವರು ನಗಲಿ, ಪರವಾಗಿಲ್ಲ.

ತಂತಿಗೆ ಹೆಚ್ಚು ಹಣ ಹಾಕಬೇಡಿ. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಹತ್ತು ಮೀಟರ್ ಹೋಗಿ ಬರಲು, ಅಂದರೆ 20 ಮೀಟರಿಗೆ, ರೋಧ ಸುಮಾರು 0.23 ಓಮ್. 8 ಓಮ್ ಸ್ಪೀಕರಿನ ಮುಂದೆ ಅದು ಏನೂ ಅಲ್ಲ. ಕೂದಲೆಳೆಯಂತಹ ತಂತಿಯಾದರೆ ಮಾತ್ರ ತೊಂದರೆ. ಒಂದೇ ಚಾನೆಲ್‌ಗೆ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 8 ಓಮ್ ಇದ್ದದ್ದು 4 ಆಗುತ್ತದೆ, ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಮಾಡಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಒಂದು ಅಲೆ ಏರುವಾಗ ಇನ್ನೊಂದು ಇಳಿದು ಬಾಸ್ ಕರಗಿಹೋಗುತ್ತದೆ.

ಟಿವಿಯಿಂದ ರಿಸೀವರಿಗೆ ಬರುವ ತಂತಿಯನ್ನು ‘ಎಆರ್‌ಸಿ’ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಹಾಕಬೇಕು. ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಎಂದಿದ್ದರೆ ಬರೀ ಎರಡು ಚಾನೆಲ್ ಬರುವ ಸಾಧ್ಯತೆ ಹೆಚ್ಚು. ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ತ್ರೂ’ ಎಂದು ಬದಲಿಸಿ. ಆಮೇಲೆ ರಿಸೀವರಿನಲ್ಲಿ ಪ್ರತಿ ಸ್ಪೀಕರಿನ ದೂರವನ್ನು ಟೇಪು ಹಿಡಿದು ಅಳೆದು ತುಂಬಿ. ಒಂದು ಮೀಟರ್ ವ್ಯತ್ಯಾಸಕ್ಕೆ ಸದ್ದು ಸುಮಾರು 3 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಮೊದಲು ಬಂದ ಸದ್ದಿನ ಕಡೆಗೇ ಕಿವಿ ವಾಲುತ್ತದಾದ್ದರಿಂದ, ಹತ್ತಿರದ ಸ್ಪೀಕರನ್ನು ಯಂತ್ರ ಅಷ್ಟು ತಡಮಾಡಿ ನುಡಿಸುತ್ತದೆ.

ವಾರ್ತೆ, ಧಾರಾವಾಹಿ, ಹಳೆಯ ಕನ್ನಡ ಚಿತ್ರಗಳು ಹೆಚ್ಚಾಗಿ ಎರಡೇ ಚಾನೆಲ್‌ನಲ್ಲಿ ಬರುತ್ತವೆ. ಆಗ ನಡುವಿನ ಸ್ಪೀಕರ್ ಸುಮ್ಮನೆ ಕೂತಿರುತ್ತದೆ. ರಿಸೀವರಿನಲ್ಲಿ ‘ಡಾಲ್ಬಿ ಸರೌಂಡ್’ ಅಥವಾ ‘ಪ್ರೊ ಲಾಜಿಕ್’ ಆರಿಸಿದರೆ ಎಡಬಲ ಎರಡರಲ್ಲೂ ಸಮನಾಗಿರುವ ಭಾಗವನ್ನು, ಅಂದರೆ ಹೆಚ್ಚಾಗಿ ಮಾತನ್ನು, ಅದು ಬೇರ್ಪಡಿಸಿ ನಡುವಿಗೆ ಕಳಿಸುತ್ತದೆ. ಇನ್ನು ನಡುವಿನ ಚಾನೆಲ್‌ನ ಮಟ್ಟವನ್ನು 3 ಡೆಸಿಬೆಲ್ ಏರಿಸಿ, ‘ನೈಟ್ ಮೋಡ್’ ಹಾಕಿ. ನೈಟ್ ಮೋಡ್ ಜೋರಿನ ಸದ್ದನ್ನು ತಗ್ಗಿಸಿ ಮೆಲ್ಲಗಿನದನ್ನು ಎತ್ತುತ್ತದೆ. ಈ ಮೂರು ಗುಂಡಿಗಳು ಆ ಮನೆಗೆ ಸಾವಿರ ವ್ಯಾಟಿಗಿಂತ ಹೆಚ್ಚು ಉಪಕಾರ ಮಾಡಬಲ್ಲವು.

ಅಂತೂ ಏನು ಕೊಳ್ಳುವುದು? ನನ್ನ ಅಭಿಪ್ರಾಯ: 40 ಸಾವಿರವನ್ನು ಏಳೆಂಟು ಸಣ್ಣ ಡಬ್ಬಗಳಿಗೆ ಹಂಚುವ ಬದಲು ಒಂದು ಸಾಧಾರಣ ರಿಸೀವರ್, ಮುಂದಿನ ಮೂರು ಸ್ಪೀಕರ್‌ಗಳು. ಮೂರೂ ಒಂದೇ ಕಂಪೆನಿಯ ಒಂದೇ ಮಾಲಿಕೆಯವು ಇರಲಿ, ಇಲ್ಲದಿದ್ದರೆ ನಟ ಎಡದಿಂದ ಬಲಕ್ಕೆ ನಡೆದಾಗ ದನಿಯ ಬಣ್ಣ ಬದಲಾಗುತ್ತದೆ. ಸರೌಂಡ್, ಸಬ್‌ವೂಫರ್ ಮುಂದಿನ ರಜೆಗೆ. ಜಾಗ ತೀರಾ ಇಕ್ಕಟ್ಟಾದರೆ ಬೇರೆಯೇ ನಡುವಿನ ಚಾನೆಲ್ ಇರುವ ಸೌಂಡ್‌ಬಾರ್ ಆಗಬಹುದು, ಆದರೆ ಮುಂದೆ ಅದರ ಒಂದು ಭಾಗ ಕೆಟ್ಟರೆ ಇಡೀ ಕಡ್ಡಿ ಬದಲಿಸಬೇಕಾದೀತು. ಅಂಗಡಿಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಸ್ಫೋಟದ ದೃಶ್ಯ ಬೇಡ, ವಾರ್ತೆ ಹಾಕಿಸಿ. ವಿದೇಶದಿಂದ ತರುವುದಾದರೆ ಹಿಂಬದಿಯಲ್ಲಿ 220ರಿಂದ 240 ವೋಲ್ಟ್ ಇದೆಯೇ ನೋಡಿ, ವಾರಂಟಿ ಇಲ್ಲಿ ನಡೆಯುತ್ತದೆಯೇ ಕೇಳಿ.

ಪಕ್ಕದ ಕೋಣೆಯ ಮಾತು ಬಾಕಿ ಇದೆ. ಗೋಡೆ ತಡೆಯುವ ಪ್ರಮಾಣ ಆವೃತ್ತಿ ಅರ್ಧವಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದಕ್ಕೇ ಪಕ್ಕದ ಮನೆಯ ಹಾಡಿನಲ್ಲಿ ನಮಗೆ ಸಾಹಿತ್ಯ ಕೇಳಿಸುವುದಿಲ್ಲ, ಧಂ ಧಂ ಮಾತ್ರ ಕೇಳಿಸುತ್ತದೆ. ಪರೀಕ್ಷೆಯ ತಿಂಗಳಲ್ಲಿ ಸಬ್‌ವೂಫರ್ ಇಲ್ಲದಿರುವುದು ಆ ಹುಡುಗಿಗೆ ಲಾಭವೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಮನೆಯೊಳಗಿನ ಸೌಂಡ್ ಸಿಸ್ಟಂ ಕೂಡ ಕಾಂಪೌಂಡಿನ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಮೊಬೈಲಿನ ಡೆಸಿಬೆಲ್ ಆ್ಯಪ್ ನಿಖರವಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸಲು ಸಾಕು. ನಿಮ್ಮ ಮನೆಯ ಹಾಲ್‌ನ ಉದ್ದ, ಅಗಲ, ಎತ್ತರ ಅಳೆದು, ಗೋಡೆಯ ಬಳಿ ಮತ್ತು ನಡುವೆ ಸದ್ದಿನ ಮಟ್ಟ ಬರೆದುಕೊಂಡು ಬನ್ನಿ. ಮುಂದಿನ ಪ್ರಾಯೋಗಿಕ ತರಗತಿಯಲ್ಲಿ ಲೆಕ್ಕಕ್ಕೂ ಅಳತೆಗೂ ಎಷ್ಟು ಹೊಂದುತ್ತದೆ ನೋಡೋಣ. ಹಾಂ, ಮಳೆಗಾಲ ಹತ್ತಿರ ಬಂತು. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಕೇಬಲ್ ಟಿವಿಯ ತಂತಿಯನ್ನೂ ಕಿತ್ತಿಡಿ.